ಮತಪೆಟ್ಟಿಗೆಯಲ್ಲಿ ಸೋತು ಶಾಸನದಲ್ಲಿ ಗೆದ್ದ ಟೊಬಿರಾ

ಫ್ರಾನ್ಸ್‌ನಲ್ಲಿ 2006ರಿಂದ ಪ್ರತಿವರ್ಷ ಮೇ 10ರಂದು ಗುಲಾಮರ ವ್ಯಾಪಾರ, ಗುಲಾಮಗಿರಿ ಹಾಗೂ ಅವುಗಳ ರದ್ದತಿಯ ಸ್ಮರಣೆ ನಡೆಯುತ್ತದೆ. 2001ರಲ್ಲಿ ಅದೇ ದಿನ ಅಲ್ಲಿನ ಸೆನೆಟ್ ಒಂದು ಮಸೂದೆಗೆ ಅಂತಿಮ ಒಪ್ಪಿಗೆ ನೀಡಿತ್ತು. ಅದನ್ನು ಮಂಡಿಸಿದವರು ಪ್ಯಾರಿಸ್‌ನ ಪ್ರಭಾವಿ ನಾಯಕರಲ್ಲ; ಸುಮಾರು ಏಳು ಸಾವಿರ ಕಿ.ಮೀ. ದೂರದ, ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಆಯ್ಕೆಯಾಗಿದ್ದ ಎಡಪಂಥೀಯ ಸಂಸದೆ ಕ್ರಿಸ್ಟಿಯಾನ್ ಟೊಬಿರಾ.

ಎರಡು ಬಾರಿ ಅಧ್ಯಕ್ಷ ಪದವಿಯ ಕಡೆಗೆ ಹೆಜ್ಜೆಯಿಟ್ಟು ಎರಡು ಬಾರಿಯೂ ವಿಫಲರಾದ ಈ ನಾಯಕಿಯನ್ನು ಅಳೆಯಬೇಕಾದದ್ದು ಗಳಿಸಿದ ಮತಗಳಿಂದಲೋ, ರೂಪಿಸಿದ ಕಾನೂನುಗಳಿಂದಲೋ?

1952ರಲ್ಲಿ ಕಯೆನ್ ನಗರದಲ್ಲಿ ಜನಿಸಿದ ಟೊಬಿರಾ, ಯೌವನದಲ್ಲಿ ಗಯಾನಾದ ಸ್ವಾತಂತ್ರ್ಯ ಚಳವಳಿಯಲ್ಲಿದ್ದವರು. 1993ರಲ್ಲಿ ಫ್ರಾನ್ಸ್‌ನ ರಾಷ್ಟ್ರೀಯ ಅಸೆಂಬ್ಲಿಗೆ ಆಯ್ಕೆಯಾಗಿ 2012ರವರೆಗೂ ಸದಸ್ಯರಾಗಿದ್ದರು. ಪ್ರತ್ಯೇಕ ದೇಶ ಬೇಕೆಂದವರು ಅದೇ ಗಣರಾಜ್ಯದ ಸಂಸತ್ತನ್ನು ಹೋರಾಟದ ವೇದಿಕೆಯಾಗಿಸಿಕೊಂಡರು.

ಫ್ರಾನ್ಸ್ 1794ರಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿತ್ತು. ಆದರೆ 1802ರಲ್ಲಿ ನೆಪೋಲಿಯನ್ ಅದನ್ನು ಮತ್ತೆ ಜಾರಿಗೆ ತಂದ. ಶಾಶ್ವತ ರದ್ದತಿಗೆ 1848ರವರೆಗೆ ಕಾಯಬೇಕಾಯಿತು. ಮರುವರ್ಷ ಪರಿಹಾರ ಧನ ಮಂಜೂರಾದದ್ದು ಗುಲಾಮರಿಗಲ್ಲ, ಅವರ ಮಾಲೀಕರಿಗೆ!

ಈ ಚರಿತ್ರೆಯನ್ನು ಮಾನವಕುಲದ ವಿರುದ್ಧದ ಅಪರಾಧವೆಂದು ಘೋಷಿಸಿದ್ದು 2001ರ ಮೇ 21ರ ಟೊಬಿರಾ ಕಾನೂನು. ಶಾಲಾ ಪಠ್ಯದಲ್ಲಿ ಗುಲಾಮಗಿರಿಗೆ ತಕ್ಕ ಸ್ಥಾನ ನೀಡಬೇಕೆಂದೂ ಅದು ವಿಧಿಸಿತು. ಹಾನಿಯನ್ನು ಅಂದಾಜಿಸಿ ಪರಿಹಾರ ಸೂಚಿಸುವ ಸಮಿತಿಯೊಂದು ಮೂಲ ಕರಡಿನಲ್ಲಿತ್ತು. ಪರಿಶೀಲನೆಯ ಹಂತದಲ್ಲಿ ಆ ಅಂಶವನ್ನು ಕೈಬಿಡಲಾಯಿತು. ಪೂರ್ಣ ನ್ಯಾಯ ದೊರೆಯದಿದ್ದರೂ ಅಪರಾಧಕ್ಕೆ ಅದರ ಹೆಸರು ದೊರೆಯಿತು.

ಮರುವರ್ಷವೇ ಅವರು ಎಡಪಕ್ಷದವರ ಕೋಪಕ್ಕೆ ಗುರಿಯಾದರು. 2002ರ ಅಧ್ಯಕ್ಷೀಯ ಚುನಾವಣೆಯಲ್ಲಿ ಎಡ ರ್‍ಯಾಡಿಕಲ್ ಪಕ್ಷದಿಂದ ಸ್ಪರ್ಧಿಸಿದ ಅವರು ಸುಮಾರು 6.6 ಲಕ್ಷ, ಅಂದರೆ ಶೇ 2.32 ಮತ ಪಡೆದರು. ಸಮಾಜವಾದಿ ಪ್ರಧಾನಿ ಲಿಯೋನೆಲ್ ಜೋಸ್ಪಾಂ ಎರಡು ಲಕ್ಷಕ್ಕೂ ಕಡಿಮೆ ಮತಗಳ ಅಂತರದಲ್ಲಿ ತೀವ್ರ ಬಲಪಂಥೀಯ ಜಾನ್ ಮಾರಿ ಲೆ ಪೆನ್ ಅವರಿಗಿಂತ ಹಿಂದುಳಿದು, ಎರಡನೇ ಸುತ್ತು ತಲುಪಲಿಲ್ಲ. ಆ ಚುನಾವಣೆಯಲ್ಲಿ ಎಡ ಮತಗಳನ್ನು ಹಂಚಿಕೊಂಡವರು ಇನ್ನೂ ಹಲವರಿದ್ದರು. ಆದರೂ ಸೋಲಿನ ಹೊಣೆ ಹೊತ್ತವರಲ್ಲಿ ಟೊಬಿರಾ ಹೆಸರು ಮುಂದಿತ್ತು.

ಹತ್ತು ವರ್ಷಗಳ ನಂತರ ಫ್ರಾನ್ಸ್ವಾ ಒಲಾಂದ್ ಅವರನ್ನು ನ್ಯಾಯ ಸಚಿವೆಯಾಗಿ ನೇಮಿಸಿದರು. ಸಲಿಂಗ ವಿವಾಹಕ್ಕೆ ಅವಕಾಶ ನೀಡುವ ಮಸೂದೆಯನ್ನು ಭಾರಿ ಬೀದಿ ಪ್ರತಿಭಟನೆಗಳ ನಡುವೆ ಅವರು ಸದನದಲ್ಲಿ ಸಮರ್ಥಿಸಿಕೊಂಡರು. 2013ರ ಏಪ್ರಿಲ್ 23ರಂದು 331-225 ಮತಗಳಿಂದ ಅದು ಅಂಗೀಕಾರವಾಯಿತು. ಅದೇ ವರ್ಷ ಅವರನ್ನು ಕೋತಿಗೆ ಹೋಲಿಸುವ ಜನಾಂಗೀಯ ನಿಂದನೆಗಳೂ ನಡೆದವು. ಗುಲಾಮಗಿರಿ ಕಾನೂನಿನ ಅಗತ್ಯವೇನಿತ್ತು ಎಂಬ ಪ್ರಶ್ನೆಗೆ ಆ ನಿಂದಕರೇ ಉತ್ತರ ಒದಗಿಸಿದಂತಾಯಿತು.

2015ರ ನವೆಂಬರ್‌ನ ಪ್ಯಾರಿಸ್ ದಾಳಿಯ ಬಳಿಕ, ಭಯೋತ್ಪಾದನೆಯಲ್ಲಿ ಶಿಕ್ಷೆಗೊಳಗಾದ ದ್ವಿಪೌರತ್ವ ಹೊಂದಿದವರು ಫ್ರಾನ್ಸ್‌ನಲ್ಲೇ ಹುಟ್ಟಿದ್ದರೂ ಅವರ ಫ್ರೆಂಚ್ ಪೌರತ್ವ ಕಸಿಯಲು ಸರ್ಕಾರ ಮುಂದಾಯಿತು. ಹುಟ್ಟಿನಿಂದಲೇ ಪೌರರಾದವರಲ್ಲಿ ಎರಡು ದರ್ಜೆಗಳನ್ನು ಸೃಷ್ಟಿಸುವ ಈ ಕ್ರಮವನ್ನು ಒಪ್ಪದ ಟೊಬಿರಾ, 2016ರ ಜನವರಿ 27ರಂದು ರಾಜೀನಾಮೆ ನೀಡಿದರು. ಎರಡು ತಿಂಗಳಲ್ಲಿ ಒಲಾಂದ್ ಆ ಪ್ರಸ್ತಾವವನ್ನೇ ಕೈಬಿಟ್ಟರು.

2022ರಲ್ಲಿ ಎಡಪಂಥೀಯರನ್ನು ಒಗ್ಗೂಡಿಸುವ ಭರವಸೆಯೊಂದಿಗೆ ಅವರು ಮತ್ತೆ ಕಣಕ್ಕೆ ಬಂದರು. ನಾಗರಿಕರು ನಡೆಸಿದ ಆನ್‌ಲೈನ್ ಮತದಾನದಲ್ಲಿ ಗೆದ್ದರೂ ಅದರ ತೀರ್ಪಿಗೆ ಇತರ ಪ್ರಮುಖ ಎಡ ಅಭ್ಯರ್ಥಿಗಳು ತಲೆಬಾಗಲಿಲ್ಲ. ಒಗ್ಗಟ್ಟಿಗಾಗಿ ಬಂದವರು ಮತ್ತೊಬ್ಬ ಅಭ್ಯರ್ಥಿಯಾದರು ಎಂಬ ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಸ್ಪರ್ಧೆಗೆ ಅಗತ್ಯವಾದ 500 ಚುನಾಯಿತ ಪ್ರತಿನಿಧಿಗಳ ಸಹಿ ದೊರೆಯದೆ ಮಾರ್ಚ್ 2ರಂದು ಅವರು ಹಿಂದೆ ಸರಿದರು.

ಚುನಾವಣಾ ಲೆಕ್ಕಾಚಾರದಲ್ಲಿ ಟೊಬಿರಾ ಎಡವಿದ್ದು ನಿಜ. ಆದರೆ ಅವರು ಮುನ್ನಡೆಸಿದ ಎರಡು ಕಾನೂನುಗಳನ್ನು ನಂತರ ಬಂದ ಯಾವ ಸರ್ಕಾರವೂ ರದ್ದುಪಡಿಸಲಿಲ್ಲ. ಬಹುಮತ ಸಿಗುವವರೆಗೆ ಕಾಯದೆ, ಇದ್ದ ಒಂದು ಸ್ಥಾನದಿಂದಲೇ ಶಾಸಕರೊಬ್ಬರು ಎಷ್ಟು ಸಾಧಿಸಬಹುದು ಎಂಬುದಕ್ಕೆ ಮೇ 10ರ ಸ್ಮರಣೆಯೇ ಸಾಕ್ಷಿ.