ಕೆರೆಯ ಮಟ್ಟ ಮತ್ತು ಹೊಸ ನೀರು

ತುಮಕೂರಿನ ಉಪ್ಪಾರಹಳ್ಳಿಯವರಿಗೆ ಅಮಾನಿಕೆರೆ ದೂರವೇನಲ್ಲ. ಏರಿಯ ಮೇಲೆ ನಿಂತರೆ ಕೆರೆಯಲ್ಲಿ ನೀರು ಎಷ್ಟಿದೆ ಎಂದು ಯಾರಾದರೂ ಹೇಳಬಹುದು. ಆದರೆ ಈ ಮಳೆಗಾಲದಲ್ಲಿ ಹೊಸದಾಗಿ ಬಂದ ನೀರೆಷ್ಟು ಎಂದು ಕೇಳಿ ನೋಡಿ. ಹಳೆಯದು, ಹೊಸದು ಬೆರೆತುಹೋಗಿದೆ. ಒಂದಿಷ್ಟು ಹರಿದುಹೋಗಿದೆ, ಒಂದಿಷ್ಟು ಆವಿಯಾಗಿದೆ. ಎಚ್‌ಐವಿ ಸೋಂಕಿನ ಲೆಕ್ಕದಲ್ಲೂ ಇದೇ ತೊಡಕು.

ನೂರು ಜನರ ರಕ್ತ ಪರೀಕ್ಷಿಸಿ ಇಪ್ಪತ್ತು ಮಂದಿಯಲ್ಲಿ ಸೋಂಕು ಕಂಡರೆ ಅದು ಕೆರೆಯ ಮಟ್ಟ ಮಾತ್ರ. ಒಬ್ಬರಿಗೆ ಹತ್ತು ವರ್ಷದ ಹಿಂದೆ ತಗುಲಿರಬಹುದು, ಇನ್ನೊಬ್ಬರಿಗೆ ಕಳೆದ ತಿಂಗಳು. ಸೋಂಕಿತರು ಸತ್ತರೂ ಈ ಅಂಕಿ ಇಳಿಯುತ್ತದೆ. ಅದನ್ನು ಗೆಲುವು ಎನ್ನಲಾದೀತೆ? 2004ರ ಏಪ್ರಿಲ್‌ನಲ್ಲಿ ದೇಶದಲ್ಲಿ ಸರ್ಕಾರದ ಉಚಿತ ಎಆರ್‌ಟಿ ಚಿಕಿತ್ಸೆ ಶುರುವಾಯಿತು. ಚಿಕಿತ್ಸೆ ಪಡೆದವರು ಬದುಕುಳಿಯುತ್ತಾರೆ. ಹೊಸ ಸೋಂಕು ತಗ್ಗಿದರೂ ಅಂಕಿ ಇದ್ದಲ್ಲೇ ನಿಲ್ಲಬಹುದು.

ಮೈಸೂರಿನ ಪ್ರಸಂಗ ನೋಡಿ. ಅಲ್ಲಿ 2004ರಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರನ್ನೇ ಮುಂದಿಟ್ಟುಕೊಂಡು ಸೋಂಕು ತಡೆಯುವ ಕೆಲಸ ಆರಂಭವಾಯಿತು. ಮುಂದೆ ಅವರದೇ ಸಂಘಟನೆಯಾಗಿ ಆಶೋದಯ ಸಮಿತಿ ಹುಟ್ಟಿತು. 2004ರ ಸಮೀಕ್ಷೆಯಲ್ಲಿ ಈ ಮಹಿಳೆಯರ ಪೈಕಿ ಶೇಕಡ 26 ಮಂದಿಗೆ ಎಚ್‌ಐವಿ ಇತ್ತು. 2006ರಲ್ಲಿ ಮತ್ತೆ ನೋಡಿದರೆ ಶೇಕಡ 24. ಎರಡು ವರ್ಷ ಬೀದಿ ಬೀದಿ ಅಲೆದದ್ದಕ್ಕೆ ಫಲ ಇಷ್ಟೇನಾ ಎಂದು ಯಾರೂ ಕೇಳಬಹುದಿತ್ತು. ಹಣ ಕೊಡುವವರು ಕೇಳುವುದೂ ಇದನ್ನೇ.

ಆದರೆ ಉಳಿದ ಅಂಕಿಗಳು ಬೇರೆ ಕಥೆ ಹೇಳಿದವು. ಅಪರೂಪದ ಗಿರಾಕಿಯೊಡನೆ ಕಾಂಡೋಮ್ ಬಳಕೆ ಶೇಕಡ 65ರಿಂದ 90ಕ್ಕೆ ಏರಿತ್ತು. ಸಿಫಿಲಿಸ್ ಶೇಕಡ 25ರಿಂದ 12ಕ್ಕೆ ಇಳಿದಿತ್ತು. ಎಚ್‌ಐವಿ ಇದ್ದವರ ರಕ್ತವನ್ನು ಇನ್ನೊಂದು ಬಗೆಯಲ್ಲಿ ಪರೀಕ್ಷಿಸಿದಾಗ, ಇತ್ತೀಚೆಗೆ ತಗುಲಿದ ಸೋಂಕುಗಳೂ ಇಳಿದಿರುವ ಸೂಚನೆ ಸಿಕ್ಕಿತು.

ಆ ಪರೀಕ್ಷೆಯ ಉಪಾಯ ಸೊಗಸಾಗಿದೆ. ಸೋಂಕು ತಗುಲಿದ ಮೊದಲ ಕೆಲವು ತಿಂಗಳು ದೇಹದಲ್ಲಿ ಪ್ರತಿಕಾಯಗಳು ಕಡಿಮೆ, ಬರಬರುತ್ತ ಹೆಚ್ಚುತ್ತವೆ. ಒಂದೇ ರಕ್ತವನ್ನು ಮೊದಲು ಮಾಮೂಲಿ ಪರೀಕ್ಷೆಗೆ ಒಡ್ಡಿ, ಬಳಿಕ ಬೇಕೆಂದೇ ಮೊಂಡು ಮಾಡಿದ ಪರೀಕ್ಷೆಗೆ ಒಡ್ಡುತ್ತಾರೆ. ಮೊದಲನೆಯದು ಹೌದೆಂದು, ಎರಡನೆಯದು ಇಲ್ಲವೆಂದರೆ ಸೋಂಕು ಹೊಸದು. ಇದರಲ್ಲೂ ಮೋಸವಿಲ್ಲದಿಲ್ಲ. ಏಡ್ಸ್ ಹಂತ ತಲುಪಿದವರಲ್ಲಿ ಪ್ರತಿಕಾಯ ಕುಸಿದಿರಬಹುದು. ಎಆರ್‌ಟಿ ತೆಗೆದುಕೊಳ್ಳುವವರಲ್ಲೂ ಕಡಿಮೆಯಾಗಬಹುದು. ಹಳೆಯ ಸೋಂಕು ಹೊಸದರ ವೇಷ ತೊಡುತ್ತದೆ. ಅದಕ್ಕೇ ಈಗ ರಕ್ತದಲ್ಲಿನ ವೈರಸ್ ಪ್ರಮಾಣವನ್ನೂ ಜೊತೆಗೆ ಅಳೆಯುತ್ತಾರೆ.

ನೇರ ದಾರಿ ಇಲ್ಲವೇ? ಇದೆ. ಸೋಂಕಿಲ್ಲದ 200 ಮಂದಿಯನ್ನು ಆರಿಸಿ, ಆರು ತಿಂಗಳ ನಂತರ ಮತ್ತೆ ಪರೀಕ್ಷಿಸಬೇಕು. ಮೂವರಿಗೆ ತಗುಲಿದ್ದರೆ ವರ್ಷಕ್ಕೆ ನೂರರಲ್ಲಿ ಹೆಚ್ಚು ಕಡಿಮೆ ಮೂವರಿಗೆ ಎಂದಾಯಿತು. ಅಷ್ಟು ದಿನ ಅವರಿಗೆ ತಿಳಿವಳಿಕೆ, ಕಾಂಡೋಮ್ ಕೊಡದೆ ಸುಮ್ಮನೆ ಕಾದು ನೋಡುವುದು ಪಾಪದ ಕೆಲಸ. ಕೊಟ್ಟರೆ ಅವರು ಉಳಿದವರಂತಿರುವುದಿಲ್ಲ. ಕೊಡಲೇಬೇಕು, ಲೆಕ್ಕ ಕೆಟ್ಟರೆ ಕೆಡಲಿ.

ಇನ್ನೊಂದು ಕಷ್ಟವಿದೆ. ಈ ವೃತ್ತಿಯವರು ಒಂದೂರಿನಲ್ಲಿ ನಿಲ್ಲುವವರಲ್ಲ. ಪೊಲೀಸರ ಕಾಟ, ಮನೆ ಮಾಲೀಕನ ತಕರಾರು, ಯಾವುದೋ ಊರಿನ ಜಾತ್ರೆ; ಆರು ತಿಂಗಳ ಬಳಿಕ ಹುಡುಕಿದರೆ ಕೆಲವರು ಸಿಗುವುದೇ ಇಲ್ಲ. ಹಾಗೆ ಲೆಕ್ಕದಿಂದ ಜಾರಿಹೋದವರೇ ಎಷ್ಟೋ ಸಲ ಹೆಚ್ಚು ಅಪಾಯದಲ್ಲಿರುವವರು.