ಪೀಠ ಆಕೆಯದು, ಮಾತು ಯಾರದು?

ಕರ್ನಾಟಕದ ಪಂಚಾಯತಿಗಳಲ್ಲಿ ಸ್ತ್ರೀಯರಿಗೆ 1983ರ ಶಾಸನವು ಕಾಲುಭಾಗ ಸ್ಥಾನಗಳನ್ನು ಮೀಸಲಿಟ್ಟಿತು; 1993ರ ಶಾಸನವು ಅದನ್ನು ಮೂರನೆಯ ಒಂದಂಶಕ್ಕೂ, 2010ರ ತಿದ್ದುಪಡಿಯು ಅರ್ಧಕ್ಕೂ ಏರಿಸಿತು. 21 ವರ್ಷ ತುಂಬಿದ ತರುಣಿಯು ಇಂದು ಗ್ರಾಮ ಪಂಚಾಯತಿಯ ಅಧ್ಯಕ್ಷೆಯಾಗಬಹುದು. ಆದರೆ ಶಾಸನವು ಕೊಟ್ಟುದನ್ನು ರೂಢಿಯು ಅನೇಕ ಕಡೆಗಳಲ್ಲಿ ಕಸಿದುಕೊಳ್ಳುತ್ತಿದೆ. ರುಜು ಆಕೆಯದು, ಆಜ್ಞೆ ಪತಿಯದು. ಅಧಿಕಾರಿಗಳೂ ಆತನನ್ನೇ ಅಧ್ಯಕ್ಷನೆಂದು ಮನ್ನಿಸುವುದುಂಟು.

ಆಕೆಗೆ ಅನುಭವ ಸಾಲದೆಂದು ಆಕ್ಷೇಪಿಸುವವರಿದ್ದಾರೆ. ಮೊದಲು ಆರಿಸಿಬಂದ ಗಂಡಸರೇನು ಅನುಭವವನ್ನು ಹೊತ್ತು ಬಂದರೆ? ಕಾರ್ಯಭಾರ ನಡೆಸುತ್ತಲೇ ಕಲಿತರು. ಬಾಲ್ಯದಿಂದ ಕೊಡ ಹೊತ್ತು ನಡೆದವಳಿಗೆ ನಲ್ಲಿ ಎಲ್ಲಿರಬೇಕೆಂಬುದನ್ನು ಅನ್ಯರು ಬೋಧಿಸಬೇಕೆ? ಶಾಲೆಯಲ್ಲಿ ಶೌಚಗೃಹವಿಲ್ಲದ ಕಷ್ಟವನ್ನು ಆಕೆಗಿಂತ ಬಲ್ಲವರಾರು?

ಅಧಿಕಾರಿವರ್ಗದವರಲ್ಲಿ ನಮ್ಮ ಬಿನ್ನಹವಿಷ್ಟೇ: ಸಭೆಯಲ್ಲಿ ಅಧ್ಯಕ್ಷೆಯೊಡನೆಯೇ ವ್ಯವಹರಿಸಿರಿ, ಆಕೆಯ ಪೀಠದಲ್ಲಿ ಕುಳಿತ ಅನ್ಯನನ್ನು ಎಬ್ಬಿಸಿರಿ. ಇದು ಉಪಕಾರವಲ್ಲ, ಶಾಸನದ ಪಾಲನೆ.