ಎರಡು ನಿಮಿಷದ ವಿಚಾರಣೆ: ‘ಕಾಪಿ ಕೇಸ್’ ಆದವರ ಮಾತು ಕೇಳೋರು ಯಾರು?

ಸೆಮಿಸ್ಟರ್ ಫಲಿತಾಂಶ ಬಂದಾಗ ಪಾಸು, ಫೇಲಿನ ಜೊತೆಗೆ ಕೆಲವರ ಹೆಸರಿನ ಮುಂದೆ ‘ತಡೆಹಿಡಿಯಲಾಗಿದೆ’ ಅಂತ ಇರುತ್ತದೆ. ಅದಕ್ಕೆ ಒಂದು ಕಾರಣ ಪರೀಕ್ಷಾ ಅಕ್ರಮದ ಆರೋಪ, ವಿದ್ಯಾರ್ಥಿಗಳ ಬಾಯಲ್ಲಿ ‘ಎಂಪಿ ಕೇಸ್’. ಎಂಜಿನಿಯರಿಂಗ್, ಮೆಡಿಕಲ್, ನರ್ಸಿಂಗ್, ಲಾ ಯಾವುದೇ ಕಾಲೇಜಿರಲಿ, ಆರೋಪ ಬಿದ್ದ ಮೇಲೆ ಅಪ್ಪ ಅಮ್ಮ ಸಾಲ ಮಾಡಿ ಕಟ್ಟಿದ ಫೀಸು, ಮಕ್ಕಳ ವರ್ಷಗಳ ಓದು ಎಲ್ಲವೂ ಒಂದು ಸಮಿತಿಯ ಮುಂದಿನ ಕೆಲವೇ ನಿಮಿಷಗಳ ಮೇಲೆ ನಿಲ್ಲುತ್ತದೆ.

ಕಾಪಿ ಹೊಡೆದವರಿಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಇರೋದು, ಹೊಡೆದಿದ್ದಾರೋ ಇಲ್ಲವೋ ಅಂತ ತೀರ್ಮಾನ ಮಾಡುವ ರೀತಿಯಲ್ಲಿ.

ಸಹಿಯಲ್ಲೇ ಅರ್ಧ ಕೇಸ್

ನಮ್ಮಲ್ಲಿ ಕೇಸ್ ಶುರುವಾಗೋದು ಪರೀಕ್ಷಾ ಕೊಠಡಿಯಲ್ಲೇ. ಮೇಲ್ವಿಚಾರಕರಿಗೋ ಸ್ಕ್ವಾಡ್‌ಗೋ ಚೀಟಿ, ಮೊಬೈಲ್ ಸಿಕ್ಕರೆ ಉತ್ತರ ಪತ್ರಿಕೆ ಸಮೇತ ವಶಕ್ಕೆ ತಗೊಳ್ತಾರೆ. ವಿದ್ಯಾರ್ಥಿಯಿಂದ ಹೇಳಿಕೆ ಬರೆಸಿ ಸಹಿ ಹಾಕಿಸ್ತಾರೆ. ಇದೆಲ್ಲ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಆಮೇಲೆ ಸಮಿತಿ ವಿದ್ಯಾರ್ಥಿಯನ್ನು ವಿಚಾರಣೆಗೆ ಕರೆಯುತ್ತದೆ. ಶಿಕ್ಷೆ ಆ ಒಂದು ಪೇಪರ್ ರದ್ದಾಗುವುದರಿಂದ ಹಿಡಿದು ಇಡೀ ಸೆಮಿಸ್ಟರ್ ರದ್ದು, ಮುಂದಿನ ಪರೀಕ್ಷೆಗೂ ನಿರ್ಬಂಧ ಅನ್ನುವವರೆಗೆ ಹೋಗಬಹುದು.

ಕೈಕಾಲು ನಡುಗುವ ಹೊತ್ತಲ್ಲಿ ಬರೆದುಕೊಟ್ಟ ನಾಲ್ಕು ಸಾಲೇ ಮುಂದೆ ದೊಡ್ಡ ಸಾಕ್ಷಿ. ‘ತಪ್ಪಾಯ್ತು ಅಂತ ಬರಿ, ಬಿಟ್ಟುಬಿಡ್ತಾರೆ’ ಅನ್ನೋ ಮಾತು ನಂಬಿ ಸಹಿ ಹಾಕಿದರೆ ವಿಚಾರಣೆಯಲ್ಲಿ ಹೇಳೋಕೆ ಹೆಚ್ಚೇನೂ ಉಳಿಯೋದಿಲ್ಲ.

ಡಾರ್ಟ್‌ಮತ್‌ನಲ್ಲಿ ಆಗಿದ್ದೇನು?

ಅವಸರದ ವಿಚಾರಣೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನೋದಕ್ಕೆ ಅಮೆರಿಕದ ಒಂದು ಪ್ರಕರಣ ನೋಡಬೇಕು. ಅಲ್ಲಿನ ವೃತ್ತಿಪರ ಕಾಲೇಜುಗಳಲ್ಲಿ ‘ಆನರ್ ಕೋಡ್’ ಅಂತ ಇರುತ್ತದೆ. ಮೋಸ ಮಾಡಲ್ಲ ಅಂತ ವಿದ್ಯಾರ್ಥಿಗಳು ಒಪ್ಪಿಕೊಳ್ಳುವ ನಿಯಮ ಅದು. ಮುರಿದರೆ ಕಾಲೇಜಿನ ಸಮಿತಿಯೇ ವಿಚಾರಣೆ ಮಾಡುತ್ತದೆ.

2021ರಲ್ಲಿ ಡಾರ್ಟ್‌ಮತ್ ಕಾಲೇಜಿನ ಗೈಸೆಲ್ ವೈದ್ಯಕೀಯ ಶಾಲೆ 17 ವಿದ್ಯಾರ್ಥಿಗಳ ಮೇಲೆ ಆರೋಪ ಹೊರಿಸಿತು. ಕೋವಿಡ್ ಕಾಲದಲ್ಲಿ ಮನೆಯಿಂದ ಪರೀಕ್ಷೆ ಬರೆಯುವಾಗಲೇ ಅವರು ‘ಕ್ಯಾನ್ವಾಸ್’ ಎಂಬ ತಂತ್ರಾಂಶದಲ್ಲಿ ಪಾಠದ ಪುಟಗಳನ್ನು ತೆರೆದಿದ್ದಾರೆ ಅನ್ನೋದು ದೂರು. ಸಾಕ್ಷಿ ಅಂತ ಇದ್ದದ್ದು ಕಂಪ್ಯೂಟರ್ ದಾಖಲೆ.

ಉತ್ತರ ಕೊಡಲು ಸಿಕ್ಕಿದ್ದು 48 ಗಂಟೆಗೂ ಕಡಿಮೆ. ಪೂರ್ತಿ ದಾಖಲೆ ಕೈಗೆ ಕೊಡಲಿಲ್ಲ. ಆನ್‌ಲೈನ್ ವಿಚಾರಣೆಯಲ್ಲಿ ಮಾತಾಡಲು ಎರಡೇ ನಿಮಿಷ ಸಿಕ್ಕಿತು, ತಪ್ಪೊಪ್ಪಿಕೊಳ್ಳಿ ಅಂತ ಸಲಹೆಯೂ ಬಂತು ಅಂತ ವಿದ್ಯಾರ್ಥಿಗಳು ಹೇಳಿದ್ದರು. 7 ಮಂದಿಯ ಕೇಸ್ ಮಧ್ಯದಲ್ಲೇ ಬಿದ್ದುಹೋಯಿತು. ಉಳಿದ 10 ಮಂದಿಯಲ್ಲಿ 9 ಮಂದಿ ತಪ್ಪೊಪ್ಪಿಕೊಂಡರು. ಮೂವರನ್ನು ಕಾಲೇಜಿನಿಂದ ಹೊರಹಾಕಲಾಯಿತು, ಒಬ್ಬರು ಅಮಾನತಾದರು, ಉಳಿದವರಿಗೂ ಶಿಕ್ಷೆಯಾಯಿತು.

ಆಮೇಲೆ ತಾಂತ್ರಿಕ ಪರಿಶೀಲನೆಯಲ್ಲಿ ಬೇರೆಯೇ ಸಂಗತಿ ಗೊತ್ತಾಯಿತು. ಯಾರೂ ಮುಟ್ಟದೆ ಪಕ್ಕದಲ್ಲಿ ಬಿದ್ದಿರುವ ಫೋನ್, ಟ್ಯಾಬ್ ಕೂಡ ತಂತಾನೇ ಕ್ಯಾನ್ವಾಸ್ ಪುಟಗಳನ್ನು ತೆರೆದಂತೆ ದಾಖಲಾಗುತ್ತದೆ. ‘ನ್ಯೂಯಾರ್ಕ್ ಟೈಮ್ಸ್’ 2021ರ ಮೇನಲ್ಲಿ ಇದನ್ನು ಬರೆಯಿತು. ಜೂನ್‌ನಲ್ಲಿ ಡೀನ್ ಎಲ್ಲ ಆರೋಪ ಕೈಬಿಟ್ಟು ಕ್ಷಮೆ ಕೇಳಿದರು.

ಇಲ್ಲಿ ಗಮನಿಸಬೇಕಾದ್ದು ಆ 9 ಮಂದಿಯ ತಪ್ಪೊಪ್ಪಿಗೆ. ಹೆದರಿಕೆ ಇದ್ದಾಗ ಒಪ್ಪಿಗೆ ಅನ್ನೋದು ಸಾಕ್ಷಿಯಾಗಲ್ಲ.

ಸುಪ್ರೀಂ ಕೋರ್ಟ್ ಹೇಳಿದ್ದು

ನಮ್ಮ ದೇಶದಲ್ಲಿ ಈ ವಿಷಯಕ್ಕೆ 1962ರಲ್ಲೇ ಉತ್ತರ ಸಿಕ್ಕಿದೆ. ಉತ್ತರ ಪ್ರದೇಶದ ಪರೀಕ್ಷಾ ಮಂಡಳಿ ಮೂವರು ವಿದ್ಯಾರ್ಥಿಗಳ 1954ರ ಫಲಿತಾಂಶ ರದ್ದು ಮಾಡಿ, ಮುಂದಿನ ವರ್ಷದ ಪರೀಕ್ಷೆಗೂ ತಡೆ ಹಾಕಿತ್ತು. ಅವರನ್ನು ಕೇಳಿರಲೇ ಇಲ್ಲ. ಭವಿಷ್ಯಕ್ಕೆ ಕಳಂಕ ತರುವಂಥ ತೀರ್ಮಾನ ಮಾಡುವ ಸಮಿತಿ ನ್ಯಾಯಾಲಯದಂತೆಯೇ ನಡೆದುಕೊಳ್ಳಬೇಕು, ವಿದ್ಯಾರ್ಥಿಗೆ ಹೇಳಿಕೊಳ್ಳಲು ಅವಕಾಶ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು.

ಹಾಗಂತ ಕೋರ್ಟ್ ಯಾವಾಗಲೂ ವಿದ್ಯಾರ್ಥಿ ಪರ ಅಂತಲ್ಲ. ಬಿಹಾರದ ಒಂದು ಕೇಂದ್ರದಲ್ಲಿ ಸಾಮೂಹಿಕ ನಕಲು ನಡೆದ ಪ್ರಕರಣದಲ್ಲಿ, ಇಡೀ ಕೇಂದ್ರದ ಪರೀಕ್ಷೆ ರದ್ದಾದಾಗ ಒಬ್ಬೊಬ್ಬರನ್ನೇ ಕರೆದು ಕೇಳಬೇಕಿಲ್ಲ ಅಂತ 1970ರಲ್ಲಿ ತೀರ್ಪು ಬಂತು. ಆದರೆ ಒಬ್ಬರ ಹೆಸರು ಹಿಡಿದು ಶಿಕ್ಷೆ ಕೊಡುವಾಗ ಅವರ ಮಾತು ಕೇಳಲೇಬೇಕು.

ಮನೆಯವರು ಏನು ಮಾಡಬೇಕು?

ಓದದೆ ಸಹಿ ಹಾಕಬಾರದು. ಆರೋಪ ಒಪ್ಪದಿದ್ದರೆ ‘ಒಪ್ಪುವುದಿಲ್ಲ’ ಅಂತ ಹೇಳಿಕೆಯಲ್ಲೇ ಬರೆಯಬೇಕು. ಆರೋಪ ಏನು, ಸಾಕ್ಷಿ ಏನು ಅಂತ ಲಿಖಿತವಾಗಿ ಕೇಳಬೇಕು. ಸಿಸಿಟಿವಿ ದೃಶ್ಯ ಆಧಾರವಾದರೆ ಅದನ್ನು ತೋರಿಸಿ ಅನ್ನಬೇಕು. ವಿಚಾರಣೆಗೆ ಹೋಗದೆ ಇರಬಾರದು, ಹೋಗದಿದ್ದರೆ ಹೇಳಿಕೊಳ್ಳುವ ಅವಕಾಶ ತಾವೇ ಬಿಟ್ಟಂತೆ. ಕೊನೆಗೆ ಹೈಕೋರ್ಟ್ ಇದೆ. ಧಾರವಾಡ, ಕಲಬುರಗಿಯಲ್ಲೂ ಪೀಠಗಳಿವೆ. ಅಲ್ಲಿ ಮುಖ್ಯವಾಗಿ ನೋಡೋದು ಸಮಿತಿ ಸರಿಯಾದ ಕ್ರಮದಲ್ಲಿ ನಡೆದುಕೊಂಡಿತೇ ಅನ್ನೋದನ್ನು.

ಕ್ಯಾಮೆರಾ, ಕಂಪ್ಯೂಟರ್ ಬಂದ ಮೇಲೆ ಸಾಕ್ಷಿ ಹೆಚ್ಚಾಗಿದೆ, ವಿಚಾರಣೆ ಸುಲಭ ಅಂತ ಕಾಲೇಜುಗಳು ಅಂದುಕೊಳ್ಳಬಹುದು. ಡಾರ್ಟ್‌ಮತ್‌ನಲ್ಲೂ ಹಾಗೇ ಅಂದುಕೊಂಡಿದ್ದರು. ಮೂರು ಮಕ್ಕಳನ್ನು ಹೊರಹಾಕಿದ ಮೇಲೆ ಕ್ಷಮೆ ಕೇಳುವ ಬದಲು, ಮೊದಲೇ ಅರ್ಧ ಗಂಟೆ ಕೂತು ಕೇಳಿದ್ದರೆ ಕಳೆದುಕೊಳ್ಳೋದು ಏನಿತ್ತು?